ಹದಿನೇಳನೆಯ ಜೋಡಿ

ದುಬ್ನಾ ಎಂಬ ಊರಿನ ನಮ್ಮ ಪರಮಾಣು ಪ್ರಯೋಗಾಲಯದಲ್ಲಿ ಜಿನೈದಾ ಗ್ಲೆಬೊವ್ನಾ ನನ್ನ ಪಕ್ಕದ ಮೇಜಿನವಳು. ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ಪರಮಾಣು ಸಿಡಿದದ್ದನ್ನು ಗುರುತಿಸುವ ಉಗುರಿನಗಲದ ಸಿಲಿಕಾನ್ ತಟ್ಟೆಗಳಿಗೆ ಚಿನ್ನದ ಲೇಪ ಕೊಡುವುದು.

ನೂರಹದಿನಾಲ್ಕನೆಯ ಧಾತುವಿನ ಗುಣ ಪರೀಕ್ಷಿಸುವ ವರ್ಷ ಬಂದಾಗ ಆ ಕೆಲಸ ಲಾರಿಸಾಗೆ ಹೋಯಿತು. ಜಿನೈದಾಳೇ ಕೈಹಿಡಿದು ಕಲಿಸಿದ್ದ ಹುಡುಗಿ. ಸ್ವಿಟ್ಜರ್ಲೆಂಡಿನಲ್ಲಿ ಆರು ತಿಂಗಳು ಇದೇ ಕೆಲಸ ಕಲಿತು ಬಂದಿದ್ದಳು.

"ಆರು ತಿಂಗಳು ಚಾಕಲೇಟ್ ತಿಂದು ಬಂದೋಳು, ನನಗಿಂತ ಹೆಚ್ಚಾದ್ಲಾ?" ಎಂದು ಜಿನೈದಾ ಚಹಾ ಲೋಟ ಕುಕ್ಕಿದಳು. ಲಾರಿಸಾಳ ಹೊಸ ಬೂಟಿನ ಸದ್ದು ಕೇಳಿದರೂ ಅವಳ ಮುಖ ಗಂಟಾಗುತ್ತಿತ್ತು.

ಪರೀಕ್ಷೆ ಸರಳ. ಎದುರುಬದುರು ಜೋಡಿಸಿದ ತಟ್ಟೆಗಳ ಉದ್ದನೆಯ ಓಣಿ. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ಕೊರೆಯುವ ಚಳಿ. ಹೊಸ ಪರಮಾಣು ತನ್ನ ಕುಲದ ಸೀಸದಂತಿದ್ದರೆ ಬೆಚ್ಚನೆಯ ಕಡೆಯೇ ಚಿನ್ನಕ್ಕೆ ಅಂಟಬೇಕು. ಅನಿಲದಂತಿದ್ದರೆ ಚಳಿಯವರೆಗೂ ಹಾರಬೇಕು. ಅದರ ಬದುಕು ಕೆಲವೇ ಕ್ಷಣ. ಕೊನೆಗೆ ಸಿಡಿದಾಗ ಚೂರುಗಳು ಜೋಡಿಯ ಎರಡೂ ತಟ್ಟೆಗೆ ಬಡಿದರೆ ಮಾತ್ರ ಲೆಕ್ಕಕ್ಕೆ.

ಓಣಿ ಮುಚ್ಚುವ ಹಿಂದಿನ ದಿನ ತಟ್ಟೆಗಳು ಕೊನೆಯ ತಪಾಸಣೆಗೆ ಜಿನೈದಾಳ ದೀಪದ ಕೆಳಗೆ ಬಂದವು. ಹದಿನೇಳನೆಯ ಜೋಡಿಯ ಒಂದು ತಟ್ಟೆಯಲ್ಲಿ ಕೂದಲೆಳೆಯಷ್ಟು ಚಿನ್ನ ಎದ್ದಿತ್ತು. ಅವಳು ನೋಡಿದಳು. ದೀಪ ಆರಿಸಿದಳು. ಬಾಯಿ ಬಿಡಲಿಲ್ಲ.

ಹೊಸ ಪರಮಾಣು ಹುಟ್ಟಿಸುವ ಯಂತ್ರ ಮೂರು ವಾರ ಓಡಿತು. ಸಿಕ್ಕಿದ್ದು ಎರಡು ಪರಮಾಣು: ಒಂದು ನಡುವೆ, ಒಂದು ಚಳಿಯ ತುದಿಯಲ್ಲಿ. ಸೀಸದಂತೆಯೋ ಅನಿಲದಂತೆಯೋ ಎಂಬ ವಾದವನ್ನು ಮೂರನೆಯದು ತೀರಿಸಬಹುದಿತ್ತು. ಅದು ಹದಿನೇಳರಲ್ಲಿ ಸಿಡಿಯಿತು. ಒಂದು ತಟ್ಟೆ ಮಾತ್ರ ಹೇಳಿತು, ಇನ್ನೊಂದು ಮೂಕವಾಗಿತ್ತು. ಮುಖ್ಯಸ್ಥರು ಅದನ್ನು ಲೆಕ್ಕದಿಂದ ಹೊಡೆದುಹಾಕಿದರು.

ಜಿನೈದಾಳ ಆಸೆ ಈಡೇರಿತ್ತು. ಆದರೂ ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಲಾರಿಸಾಳನ್ನು ಮೆಟ್ಟಿಲ ಬಳಿ ನಿಲ್ಲಿಸಿದಳು. ನಾನೂ ಅಲ್ಲೇ ಇದ್ದೆ.

"ಲಾರಾ, ಹದಿನೇಳು ಎದ್ದಿತ್ತು. ನೋಡೀನೂ ಸುಮ್ನಿದ್ದೆ."

ಲಾರಿಸಾ ಬೆಳ್ಳಗಾದಳು. "ನಾನೂ ನೋಡಿದ್ದೆ, ಜಿನೈದಾ ಗ್ಲೆಬೊವ್ನಾ."

"ಮತ್ತೆ?"

"ಒಂದೇ ದಿನ ಉಳಿದಿತ್ತು, ಅಷ್ಟರಲ್ಲಿ ನಿಮ್ಮ ಕೈಲಷ್ಟೇ ಆಗೋದು. ಬೇರೆ ಮಾಡ್ಕೊಡಿ ಅಂತ ನಿಮ್ಮನ್ನೇ ಕೇಳ್ಬೇಕಿತ್ತು. ಬಾಯಿ ಬರ್ಲಿಲ್ಲ. ಇಲ್ಲಿ ಚಿನ್ನ ಅಂದ್ರೆ ಎಲ್ರೂ ನಿಮ್ಮ ಹೆಸರೇ ಹೇಳ್ತಾರೆ. ಒಂದ್ಸಲನಾದ್ರೂ ನನ್ನದು ಹೇಳ್ಲಿ ಅನ್ಸಿತ್ತು."

ಇಬ್ಬರೂ ಹೋಗಿ ಮುಖ್ಯಸ್ಥರಿಗೆ ಹೇಳಿದರು. ಅವರು ಬೈದ ಬೈಗುಳ ಅಂಗಳದವರೆಗೂ ಕೇಳಿಸಿತು.

ಮರುವರ್ಷ ಯಂತ್ರದ ಸರದಿ ಮತ್ತೆ ಸಿಕ್ಕಿತು. ಲಾರಿಸಾ ಲೇಪ ಹಾಕಿದಳು, ಜಿನೈದಾ ಒಂದೊಂದನ್ನೂ ಪರೀಕ್ಷಿಸಿ ನಾಲ್ಕನ್ನು ಹಿಂದಕ್ಕೆ ತಳ್ಳಿದಳು. ಈ ಸಲ ಯಾವ ತಟ್ಟೆಯೂ ಮೂಕವಾಗಲಿಲ್ಲ. ಪ್ರಬಂಧದಲ್ಲಿ ಲಾರಿಸಾಳ ಹೆಸರು ಮೇಲೆ, ಲೇಖಕರ ಸಾಲಿನಲ್ಲಿ ಬಂತು. ಜಿನೈದಾಳದ್ದು ಕೃತಜ್ಞತೆಯ ಸಾಲಿನಲ್ಲಿ.

"ಈಗ ಸಮಾಧಾನಾನಾ?" ಎಂದು ಕೇಳಿದೆ.

"ಎಲ್ಲಿ ಸಮಾಧಾನ! ಈಗ್ಲೂ ಹೊಟ್ಟೆ ಉರಿಯುತ್ತೆ ಕಣೇ," ಎಂದಳು. "ಆದ್ರೆ ಲೇಪ ಚೆನ್ನಾಗಿ ಹಾಕಿದ್ಲು ಮುಂಡೇದು."