ಬಂದೂಕು ಬಿಟ್ಟ ಅಂಬಣ್ಣ, ಚಿಗರಿಯ ಚಿತ್ರ

ರಂಗಂಪೇಟೆಯ ಅಂಬಣ್ಣ ಮೂವತ್ತು ವರ್ಷ ಗುಡ್ಡದ ಚಿಗರಿ, ಅಂದರೆ ಜಿಂಕೆ, ಬೇಟೆಯಾಡಿದವನು. ಹೈದರಾಬಾದ್ ಸಂಸ್ಥಾನವನ್ನು ದೇಶಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಸರ್ಕಾರ ಬಂದೂಕು ಕೇಳಿತು. ಚಾವಡಿಗೆ ಒಪ್ಪಿಸಿ ಬಂದವನು ಎರಡು ವರ್ಷ ಗುಡ್ಡದ ಕಡೆ ತಲೆ ಹಾಕಲಿಲ್ಲ.

ಊರಲ್ಲಿ ಉರ್ದು ಶಾಲೆ ಹೋಗಿ ಕನ್ನಡ ಶಾಲೆ ಬಂದಿತ್ತು, ಪುಸ್ತಕಗಳು ಮಾತ್ರ ಬಂದಿರಲಿಲ್ಲ. ಮಕ್ಕಳಿಗೆ ತೋರಿಸಲು ಸುತ್ತಲಿನ ಪ್ರಾಣಿಗಳ ಚಿತ್ರ ಬೇಕೆಂದು ಮರಿಲಿಂಗಪ್ಪ ಮಾಸ್ತರರು ಹೈದರಾಬಾದಿನಿಂದ ಹಳೆಯ ಕ್ಯಾಮೆರಾ ತಂದರು. ಅದನ್ನು ಅಂಬಣ್ಣನ ಕೈಗಿಟ್ಟು, "ನನ್ನ ಕಂಡ್ರ ಚಿಗರಿ ಓಡ್ತಾವ. ನೀನೇ ತೆಗಿಯಪ್ಪಾ" ಅಂದರು.

ಕ್ಯಾಮೆರಾವನ್ನು ಹೊಟ್ಟೆಗೆ ಆನಿಸಿ, ಮೇಲಿನಿಂದ ಬಗ್ಗಿ ಗಾಜು ನೋಡಬೇಕು. ಅದರಲ್ಲಿ ಎಲ್ಲವೂ ಅದಲುಬದಲು. ಚಿಗರಿ ಬಲಕ್ಕೆ ಓಡಿದರೆ ಗಾಜಿನಲ್ಲಿ ಎಡಕ್ಕೆ ಓಡುತ್ತದೆ! ಅಂಬಣ್ಣ ಅದರ ಬೆನ್ನುಹತ್ತಿ ಕ್ಯಾಮೆರಾ ತಿರುಗಿಸಿದಷ್ಟೂ ಅದು ತಪ್ಪಿಸಿಕೊಳ್ಳುತ್ತಿತ್ತು. ಯಾದಗಿರಿಯಲ್ಲಿ ರೀಲು ತೊಳೆಸಿದರೆ ಹನ್ನೆರಡು ಚಿತ್ರಗಳಲ್ಲಿ ಇದ್ದದ್ದು ಮುಳ್ಳುಕಂಟಿ, ಬಂಡೆ, ಒಂದೇ ಒಂದು ಬಾಲ.

"ಈ ಕೆಲಸ ನನ್ನ ಕೈಲಿ ಆಗಂಗಿಲ್ಲ," ಅಂದು ಗೋಡೆಗೆ ಮುಖಮಾಡಿ ಕೂತ.

ಹೆಂಡತಿ ಗೊಲ್ಲಾಳಮ್ಮ ಕ್ಯಾಮೆರಾ ಎತ್ತಿಕೊಂಡು ಅಂಗಳದ ಕೋಳಿಯನ್ನು ನೋಡಿದಳು. "ಇದು ಕನ್ನಡಿ ಇದ್ದಂಗ ಅದಲ್ಲಾ! ನಾ ದಿನಾ ಬೈತಲಿ ತಗೀತೀನಿ, ಕೈ ತಾನೇ ಕಲೀತದ. ಬಾ, ಗಾಜಿನ್ಯಾಗ ಕೋಳಿ ಹಿಡಿ."

ಎಂಟು ದಿನ ಅಂಬಣ್ಣ ಗಾಜಿನೊಳಗೆ ಕೋಳಿಯ ಬೆನ್ನುಹತ್ತಿದ. ಗೊಲ್ಲಾಳಮ್ಮ ಕಾಳು ಚೆಲ್ಲುತ್ತ, "ಅಲ್ಲಲ್ಲ, ಆ ಕಡಿ!" ಎಂದು ನಗುತ್ತಿದ್ದಳು. ಒಂಬತ್ತನೆಯ ಬೆಳಿಗ್ಗೆ, "ನಾನೂ ಬರ್ತೀನಿ," ಅಂದಳು. ಬಂದೂಕು ಇದ್ದ ಕಾಲದಲ್ಲಿ ಒಂದು ದಿನವೂ ಅವನ ಜೊತೆ ಹೋದವಳಲ್ಲ.

ಹಳ್ಳದ ದಂಡೆಯ ಕಂಟಿಯ ಮರೆಯಲ್ಲಿ ಇಬ್ಬರೂ ಕೂತರು. ಬಿಸಿಲೇರುವ ಹೊತ್ತಿಗೆ ಹೆಣ್ಣು ಚಿಗರಿಯೊಂದು ಮರಿಯೊಡನೆ ನೀರಿಗಿಳಿಯಿತು. ಮರಿ ಎಡಕ್ಕೆ ಜಿಗಿಯಿತು. ಅಂಬಣ್ಣನ ಕೈ ಈ ಸಲ ತಪ್ಪಲಿಲ್ಲ. ಕಟಕ್ ಎಂದಿತು. ತಾಯಿ ಕಿವಿ ನಿಮಿರಿಸಿ ಅವನನ್ನೇ ನೋಡಿ, ಮತ್ತೆ ನೀರಿಗೆ ಬಾಯಿ ಹಾಕಿತು.

"ಓಡ್ಲಿಲ್ಲ ನೋಡು," ಅಂದ ಅಂಬಣ್ಣ. ಗೊಲ್ಲಾಳಮ್ಮ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು.

ಚಿತ್ರ ಶಾಲೆಯ ಗೋಡೆ ಏರಿತು. ಪುಟ್ಟ ಹುಡುಗಿಯೊಬ್ಬಳು ಅಂಬಣ್ಣನ ಧೋತರ ಜಗ್ಗಿ, "ಮುತ್ಯಾ, ಈ ಚಿಗರಿನ್ನ ಹೊಡದು ಕೊಂದದ್ದು ನೀನೇ ಏನು?" ಅಂತ ಕೇಳಿದಳು.

"ಇಲ್ಲವ್ವಾ," ಅಂದ ಅವನು, ಕುಕ್ಕರಗಾಲಲ್ಲಿ ಕೂತು. "ಇವತ್ತ ಮುಂಜಾನೆನೂ ಎರಡನ್ನೂ ನೋಡಿ ಬಂದೀನಿ. ಮರಿ ಹುಲ್ಲು ತಿನ್ನೂದು ಕಲ್ತದ."