ಹಿಂದಿನ ಸೀಟಿನ ಮಾತು

ಕಡೂರಿನಲ್ಲಿ ಕಾರುಗಳಿಗೆ ಸ್ಪೀಕರ್, ಮೈಕು ಕೂರಿಸುವ ಒಬ್ಬ ಮಹಾನುಭಾವರಿದ್ದರು. ಮೈಕನ್ನು ಉಗುರಿನಿಂದ ಟಕ್ಕೆಂದು ತಟ್ಟಿ, "ಇರುವೆ ಕೆಮ್ಮಿದ್ರೂ ಕೇಳ್ಬೇಕು ಸಾರ್" ಅನ್ನುತ್ತಿದ್ದರು. ನನ್ನ ಹಳೇ ಜೀಪಿನಿಂದ ಫೋನ್ ಮಾಡಿದರೆ ಆಚೆಯವರಿಗೆ ಇಂಜಿನ್ ಸದ್ದು ಮಾತ್ರ ಕೇಳುತ್ತಿತ್ತು. ಅವರು ಎರಡು ಮೈಕು ಕೂರಿಸಿ, ಗದ್ದಲ ಸೋಸುವ ಡಬ್ಬಿಯೊಂದನ್ನೂ ಜೋಡಿಸಿಕೊಟ್ಟರು.

ಭಾನುವಾರ ತರೀಕೆರೆಗೆ ಹೊರಟವನು ದಾರಿಯಲ್ಲೇ ಅಕ್ಕನಿಗೆ ಫೋನ್ ಮಾಡಿ, "ಊಟಕ್ಕೆ ಬತ್ತಿದ್ದೀವಿ ಕಣಕ್ಕಾ" ಅಂದೆ. ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ, "ಮತ್ತೆ ಅದೇ ನೀರುಸಾರಾ?" ಎಂದು ಗೊಣಗಿದಳು.

"ನೀರುಸಾರೂ ಇಲ್ಲ, ಬರಬ್ಯಾಡಿ" ಎಂದು ಅಕ್ಕ ಫೋನಿಟ್ಟಳು. ತಿಂಗಳಾದರೂ ಮಾತಾಡಲಿಲ್ಲ.

ಸಿಟ್ಟಿನಿಂದ ಕಡೂರಿಗೆ ಹೋಗಿ ಮೈಕು ಕೂರಿಸಿದವರಿಗೆ ಎಲ್ಲ ಹೇಳಿದೆ. ಅವರ ಮುಖ ಅರಳಿತು. "ಹಿಂದಿನ ಸೀಟಿಂದ! ಅದೂ ಗೊಣಗಿದ್ದು! ಅಕ್ಕಾವ್ರ ನಂಬರ್ ಕೊಡಿ ಸಾರ್, ಹೊಸ ಗಿರಾಕಿಗಳಿಗೆ ಅವರೇ ಹೇಳ್ಲಿ."