ಗುಳಿಗೆ ಬಿಟ್ಟ ಸಾಕ್ಷಿ

ದುರ್ಗಮ್ಮ ಮಾತಿನಲ್ಲಿ ಗಟ್ಟಿಗಿತ್ತಿ. ನಾಟಿ ಹಚ್ಚುವಾಗ ಅವಳ ಪಕ್ಕದ ಸಾಲಿಗೆ ಹೆಂಗಸರಲ್ಲಿ ಪೈಪೋಟಿ. ತನ್ನ ಕುರಿ ತಪ್ಪಿಸಿಕೊಂಡು ಯಾರದೋ ಜೋಳ ಮೇಯ್ದ ಸಂಗತಿಯನ್ನು ಹೇಳತೊಡಗಿದರೆ, ಜಗಳಕ್ಕೆ ಬಂದ ಜೋಳದ ಒಡೆಯನೇ ನಿಂತು ನಗುತ್ತಿದ್ದ. ಅಂಜನಾಪುರದ ಕಾಲುವೆ ನೀರು ಹರಿಯುವ ಒಂದಿಷ್ಟು ಗದ್ದೆ, ಒಂದು ಕುರಿಹಿಂಡು, ಮಾತು ಕಡಿಮೆಯ ಗಂಡ ಉಜ್ಜಪ್ಪ, ಒಬ್ಬಳೇ ಮಗಳು ನಯನ. ಇಷ್ಟು ಅವಳ ಸಂಸಾರ.

ನಯನ ಆರನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದವಳು ಧೊಪ್ಪನೆ ಬಿದ್ದು ಕೈಕಾಲು ಸೆಡೆದುಕೊಂಡಳು. ಬಾಯಲ್ಲಿ ನೊರೆ. ಆಮೇಲೆ ಸಂತೆಯಲ್ಲಿ, ಮದುವೆ ಮನೆಯಲ್ಲಿ, ಎಲ್ಲೆಂದರಲ್ಲಿ ಬೀಳತೊಡಗಿದಳು. ಹರಕೆ ಹೊತ್ತರು, ಉಜ್ಜಪ್ಪ ಕೈಗೆ ಹರಕೆ ದಾರ ಕಟ್ಟಿಕೊಂಡ, ಮಗಳಿಗೆ ತಾಯಿತ ಕಟ್ಟಿಸಿದರು. ಶಿವಮೊಗ್ಗದ ಡಾಕ್ಟರು ಫಿಟ್ಸ್ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು. ಬೀಳುವುದು ಸ್ವಲ್ಪ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ನೆಂಟರಿಷ್ಟರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: ಯಾವ ದೇವರಿಗೆ ಏನು ತಪ್ಪಿ ನಡೆದಿರಿ? ಆ ಪ್ರಶ್ನೆಗೆ ಹೆದರಿ ದುರ್ಗಮ್ಮ ತವರಿಗೆ ಹೋಗುವುದನ್ನೂ ಬಿಟ್ಟಳು.

ಶಿಕಾರಿಪುರದ ಸಂತೆಯಲ್ಲಿ ಸೊಪ್ಪು ಮಾರುವ ಅಕ್ಕನಾಗಮ್ಮ ಎಂಬ ಹಿರಿಯ ಹೆಂಗಸು ಅವಳನ್ನು ಮೊದಲ ಸಲ ಯೇಸುವಿನ ಸಭೆಗೆ ಕರೆದುಕೊಂಡು ಹೋದವಳು. ಊರ ಹೊರಗೆ ಅಕ್ಕಿ ಗಿರಣಿಯ ಹಿಂದೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ. ಪಾಸ್ಟರ್ ತೀರ್ಥೇಶ್ ಸೊರಬದ ಕಡೆಯವನು. ವಾರವೆಲ್ಲ ಪಂಪುಸೆಟ್ಟಿನ ಮೋಟಾರು ರಿಪೇರಿ, ಭಾನುವಾರ ಬೈಬಲ್ ಪ್ರಸಂಗ. ಅಲ್ಲಿ ಯಾರೂ ದುರ್ಗಮ್ಮನನ್ನು ತಪ್ಪೇನು ಮಾಡಿದೆ ಎಂದು ಕೇಳಲಿಲ್ಲ. ಮಗಳ ಹೆಸರೇನು ಎಂದು ಕೇಳಿದರು. ಆಮೇಲೆ ಆ ಕೋಣೆ ತುಂಬ ಗುರುತು ಪರಿಚಯವಿಲ್ಲದ ಜನ ಕಣ್ಣು ಮುಚ್ಚಿ, “ನಯನಳನ್ನು ಮುಟ್ಟು ಸ್ವಾಮೀ” ಎಂದು ಬೇಡಿಕೊಂಡರು. ದುರ್ಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮುಂದಿನ ಭಾನುವಾರ ಯಾರೂ ಕರೆಯದೆ ತಾನೇ ಹೋದಳು. ಹೆಸರು ಬದಲಾಯಿಸಿಕೋ ಎಂದು ಯಾರೋ ಅಂದಾಗ ತೀರ್ಥೇಶನೇ, “ಇರ್ಲಿ ಬಿಡಿ, ಕರ್ತನಿಗೆ ದುರ್ಗಮ್ಮ ಅಂದ್ರೂ ಗೊತ್ತಾಗುತ್ತೆ” ಎಂದು ನಕ್ಕಿದ್ದ. ಉಜ್ಜಪ್ಪ ಬರಲಿಲ್ಲ, ತಡೆಯಲೂ ಇಲ್ಲ.

ಅದೇ ಸುಮಾರಿಗೆ ಶಿವಮೊಗ್ಗದ ಡಾಕ್ಟರು ಗುಳಿಗೆ ಬದಲಾಯಿಸಿದ್ದರು. ಮಳೆಗಾಲ ಕಳೆಯಿತು, ಸುಗ್ಗಿ ಬಂತು, ನಯನ ಬೀಳಲಿಲ್ಲ. ಯುಗಾದಿಗೂ ಬೀಳಲಿಲ್ಲ. ದುರ್ಗಮ್ಮ ಸಭೆಯಲ್ಲಿ ಎದ್ದು ನಿಂತು, ದೇವರು ತನಗೆ ಮಾಡಿದ ಉಪಕಾರದ ಸಾಕ್ಷಿ ಹೇಳಿದಳು.

ಮೊದಲ ಸಲ ಎಲ್ಲವನ್ನೂ ಹೇಳಿದ್ದಳು. ಡಾಕ್ಟರು ಬೇರೆ ಗುಳಿಗೆ ಕೊಟ್ಟದ್ದು, ತಾನು ಕುರಿಹಟ್ಟಿಯಲ್ಲಿ ಮಂಡಿಯೂರಿ ಅತ್ತದ್ದು, ಸಭೆಯವರು ಪ್ರಾರ್ಥನೆ ಮಾಡಿದ್ದು, ಮಗಳು ಎದ್ದು ಓಡಾಡಿಕೊಂಡಿರುವುದು. ಆದರೆ ಮಾತು ಬಲ್ಲವರಿಗೆ ಕೇಳುವವರ ಮುಖ ಓದಲು ಬರುತ್ತದೆ. ಗುಳಿಗೆಯ ಮಾತು ಬಂದಾಗ ಜನ ನೀರಿನ ಬಾಟಲಿಗೆ ಕೈ ಹಾಕುತ್ತಿದ್ದರು, ತೊಡೆಯ ಮೇಲಿನ ಮಗುವನ್ನು ಸರಿಪಡಿಸಿಕೊಳ್ಳುತ್ತಿದ್ದರು. ಕುರಿಹಟ್ಟಿಯ ಮಾತು ಬಂದಾಗ “ಸ್ತೋತ್ರ! ಸ್ತೋತ್ರ!” ಎಂದು ಮಾಡು ಹಾರುವಂತೆ ಕೂಗುತ್ತಿದ್ದರು. ಎರಡನೇ ಸಲ ಅವಳು ಗುಳಿಗೆಯ ಮಾತನ್ನು ಚಿಕ್ಕದು ಮಾಡಿದಳು. ಆನವಟ್ಟಿಗೆ ಕರೆದರು, ಹೊಸಬಾಳೆಯ ಮನೆಕೂಟಕ್ಕೆ ಕರೆದರು. ಯಾವ ಊರಿನಲ್ಲಿ ಗುಳಿಗೆ ಕಥೆಯಿಂದ ಪೂರ್ತಿ ಬಿದ್ದುಹೋಯಿತೋ ಅವಳಿಗೇ ನೆನಪಿಲ್ಲ. ಬಿಡು ಎಂದು ಯಾರೂ ಹೇಳಿರಲಿಲ್ಲ. ಅವಳು ಸುಳ್ಳನ್ನೂ ಸೇರಿಸಿರಲಿಲ್ಲ. ಎಷ್ಟೋ ಸಲ ನಯನ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ಸಾಕ್ಷಿ ಮುಗಿದ ಮೇಲೆ ಹೆಂಗಸರು ಬಂದು ಅವಳ ಗಲ್ಲ ಸವರಿ, “ಇವಳೇ ಅಲ್ಲೇನು ಆ ಹುಡುಗಿ?” ಎಂದು ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಹತ್ತೊಂಬತ್ತು ತುಂಬಿದ ನಯನ ಆ ಬೇಸಿಗೆಯಲ್ಲಿ ಅಪ್ಪನ ಜೊತೆ ಕುರಿಗೆ ನೀರು ಕುಡಿಸಲು ಕಾಲುವೆಗೆ ಹೋಗಿದ್ದಳು. ಭದ್ರವಾಗಿ ನಿಂತಿದ್ದವಳು ನೋಡನೋಡುತ್ತಲೇ ಕಟ್ಟಿಗೆಯಂತೆ ಸೆಡೆದು ನೀರಿಗೆ ಉರುಳಿದಳು. ಉಜ್ಜಪ್ಪ ಕಂಬಳಿ ಎಸೆದು ಹಾರಿದ. ನೀರು ಜೋರಿತ್ತು. ತೂಬಿನ ಹತ್ತಿರ ಅವಳ ಜಡೆ ಅವನ ಕೈಗೆ ಸಿಕ್ಕಿತು. ದಡಕ್ಕೆ ಎಳೆದು ಹಾಕಿದಾಗ ಹುಡುಗಿಯ ತುಟಿ ನೀಲಿ. ಗದ್ದೆಯವರು ಓಡಿಬಂದು ಬೆನ್ನು ಒತ್ತಿ, ನೀರು ಕಕ್ಕಿಸಿ, ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಶಿಕಾರಿಪುರಕ್ಕೆ ಹೊತ್ತೊಯ್ದರು.

ಆಸ್ಪತ್ರೆಯಲ್ಲಿ ನಯನ ಕಣ್ಣು ಬಿಟ್ಟ ಮೇಲೆ ಡಾಕ್ಟರಮ್ಮ ಕೇಳಿದ ಮೊದಲ ಮಾತು, “ಮಾತ್ರೆ ತಗೋತಿದ್ಯೇನಮ್ಮ?”

“ತಗಂತಾಳೆ ಮೇಡಂ, ದಿನಾ ತಗಂತಾಳೆ” ಎಂದಳು ದುರ್ಗಮ್ಮ.

ನಯನ ಗೋಡೆಯ ಕಡೆ ತಿರುಗಿದಳು. ಡಾಕ್ಟರಮ್ಮ ಹೊರಗೆ ಹೋಗುವವರೆಗೂ ಹಾಗೇ ಇದ್ದು ಆಮೇಲೆ ಮೆಲ್ಲಗೆ, “ಬಿಟ್ಟಿದ್ದೆ ಅವ್ವಾ” ಎಂದಳು.

“ಯಾಕವ್ವ?”

“ನೀನು ಎಲ್ಲಾ ಕಡೆ ಯೇಸಪ್ಪ ವಾಸಿ ಮಾಡ್ದ ಅಂತ ಹೇಳ್ತಿದ್ದೆ. ಮನಿಗೆ ಬಂದು ನಾನು ಗುಳಿಗೆ ನುಂಗಿದ್ರೆ ನೀನು ಸುಳ್ಳು ಹೇಳ್ದಂಗ ಆಗ್ತಿತ್ತಲ್ಲ. ನನ್ನಿಂದ ನಿನ್ ಸಾಕ್ಷಿ ಸುಳ್ಳಾಗಬಾರ್ದು ಅಂತ...”

ಬಾಗಿಲಲ್ಲಿ ಒದ್ದೆ ಪಂಚೆಯಲ್ಲೇ ನಿಂತಿದ್ದ ಉಜ್ಜಪ್ಪ ಒಳಗೆ ಬಂದು ಮಗಳ ಕಾಲಿನ ಹತ್ತಿರ ಕೂತ. “ದೇವ್ರು ನಿಮಗೆ ಯಾವ್ನು ಬೇಕೋ ಅವ್ನಿರ್ಲಿ, ನಾನೇನೂ ಅನ್ನಲ್ಲ. ಗುಳಿಗೆ ನುಂಗ್ಬೇಕು” ಎಂದ. ಅಷ್ಟೇ ಅವನು ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು ಎಂದು ದುರ್ಗಮ್ಮನಿಗೆ ಅನಿಸಿತು.

ಮನೆಗೆ ಬಂದ ಮೇಲೆ ಅಕ್ಕನಾಗಮ್ಮ ಒಂದು ಕಟ್ಟು ಮೆಂತ್ಯಸೊಪ್ಪು ಹಿಡಿದು ನೋಡಲು ಬಂದಳು. ನಯನಳ ತಲೆ ನೇವರಿಸಿ ಪ್ರಾರ್ಥನೆ ಮಾಡಿದಳು. ಹೊರಡುವಾಗ ದುರ್ಗಮ್ಮನನ್ನು ಹಿತ್ತಲಿಗೆ ಕರೆದು, “ಮನಿಯಾಗ ಎಲ್ಲೋ ಅಪನಂಬಿಕೆ ಹೊಕ್ಕೈತೆ ನೋಡು. ನಿನ್ ಯಜಮಾನ್ರು ಇನ್ನೂ ಆ ಹರಕೆ ದಾರ ಕಟ್ಕಂಡೇ ಅದಾರಲ್ಲ” ಎಂದಳು.

“ಆ ದಾರ ಕಟ್ಟಿದ್ ಕೈನೇ ಅಕ್ಕ ಇವಳನ್ನ ಎಳ್ದು ಹಾಕಿದ್ದು” ಎಂದಳು ದುರ್ಗಮ್ಮ. ಅಕ್ಕನಾಗಮ್ಮನ ಮುಖ ಸಣ್ಣದಾಯಿತು. ತನ್ನನ್ನು ಕೈ ಹಿಡಿದು ಸಭೆಗೆ ಕರೆತಂದವಳಿಗೆ ಹೀಗೆ ಅಂದೆನಲ್ಲ ಎಂದು ದುರ್ಗಮ್ಮನಿಗೂ ಸಂಕಟವಾಯಿತು. ಆದರೆ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆನವಟ್ಟಿಯಲ್ಲಿ ಸಭೆಗಳೆಲ್ಲ ಸೇರುವ ದೊಡ್ಡ ಕೂಟ ಹತ್ತಿರ ಬಂದಿತ್ತು. ಅದರಲ್ಲಿ ದುರ್ಗಮ್ಮನ ಸಾಕ್ಷಿ ಉಂಟೆಂದು ಎಲ್ಲ ಕಡೆ ಮೊದಲೇ ಹೇಳಿಯಾಗಿತ್ತು. ತೀರ್ಥೇಶ್ ಬೈಕಿನಲ್ಲಿ ಮನೆಗೆ ಬಂದ. ಜಗಲಿಯ ಮೇಲೆ ಕೂತು ಬಹಳ ಹೊತ್ತು ನಯನಳ ಆರೋಗ್ಯವನ್ನೇ ವಿಚಾರಿಸಿದ.

“ಈ ಸಲ ಸಾಕ್ಷಿ ಬೇಡ ದುರ್ಗಕ್ಕ. ನೀವು ನೊಂದಿದ್ದೀರಿ. ಸುಮ್ನೆ ಬಂದು ಕೂತ್ಕಳಿ, ಎಲ್ಲರೂ ಸೇರಿ ಪ್ರಾರ್ಥನೆ ಮಾಡನ.”

“ಇಷ್ಟು ದಿನ ಹೇಳಿಸಿ, ಈಗ ಬ್ಯಾಡ ಅಂದ್ರೆ ಹೆಂಗ್ರೀ ಪಾಸ್ಟ್ರೇ?”

“ನಾನು ಯಾವತ್ತಾದ್ರೂ ಮಾತ್ರೆ ಬಿಡಿ ಅಂದಿದ್ನ? ನೀವೇ ಹೇಳಿ.”

“ಇಲ್ಲ, ಅಂದಿಲ್ಲ. ನಾನೂ ಅಂದಿಲ್ಲ. ಯಾರೂ ಅಂದಿಲ್ಲ. ಹುಡುಗಿ ಮಾತ್ರ ನೀರಿಗೆ ಬಿದ್ಲು.”

ತೀರ್ಥೇಶ್ ತಲೆ ತಗ್ಗಿಸಿದ. ಅವನು ಕೆಟ್ಟವನಲ್ಲ. ಹೊಸದಾಗಿ ನಂಬಿಕೆಗೆ ಬಂದವರು ಇದನ್ನು ಕೇಳಿ ಎದ್ದು ಹೋದಾರು ಎಂಬ ಭಯ ಅವನಿಗೆ. “ಕರ್ತನ ಹೆಸರಿಗೆ ಕುಂದು ಬರಬಾರ್ದು ಅಕ್ಕ, ಅಷ್ಟೇ ನನ್ ಚಿಂತೆ” ಎಂದ. ದುರ್ಗಮ್ಮ ಚಹಾದ ಲೋಟ ಅವನ ಮುಂದಿಟ್ಟು, “ನಿಜ ಹೇಳಿದ್ರೆ ಕುಂದಾಗೋ ಹೆಸರೇನ್ರೀ ಅದು?” ಎಂದು ಕೇಳಿದಳು. ಅವನು ಚಹಾ ಕುಡಿದ. ಬೇಡ ಎಂದು ಮತ್ತೊಮ್ಮೆ ಹೇಳಲಿಲ್ಲ.

ಆನವಟ್ಟಿಯ ಕೂಟದಲ್ಲಿ ಶಾಮಿಯಾನದ ತುಂಬ ಜನ. ಮೈಕ್ ಕೈಗೆ ಬಂದಾಗ ದುರ್ಗಮ್ಮನಿಗೆ ಎಂದೂ ಇಲ್ಲದಂತೆ ಕಥೆಯನ್ನು ಎಲ್ಲಿಂದ ಎತ್ತಬೇಕೆಂದೇ ತೋಚಲಿಲ್ಲ.

“ನನ್ ಮಗಳು ಮತ್ತೆ ಬಿದ್ಲು” ಎಂದಳು. “ಅವಳು ಗುಳಿಗೆ ತಗಂತಿದ್ಲು, ಆಗ ಚಲೋ ಇದ್ಲು. ನಾನು ನಿಮಗೆ ಗುಳಿಗೆ ವಿಷ್ಯ ಹೇಳ್ಲಿಲ್ಲ. ಬಿಟ್ಟು ಹೇಳ್ದೆ. ಅವಳು ಗುಳಿಗೆ ಬಿಟ್ಲು, ಸಾಯ್ತಿದ್ಲು. ಈಗ ದಿನಾ ನುಂಗ್ತಾಳೆ. ನಾನು ಪ್ರಾರ್ಥನೇನೂ ಬಿಟ್ಟಿಲ್ಲ. ನೀವು ಯಾರಾದ್ರೂ ನನ್ ಮಾತು ಕೇಳಿ ಔಷಧಿ ಬಿಟ್ಟಿದ್ರೆ... ತಗಳ್ರಿ. ಇಷ್ಟೇ.”

ಯಾರೂ ಸ್ತೋತ್ರ ಎನ್ನಲಿಲ್ಲ. ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ತೀರ್ಥೇಶನ ಕಡೆ ದುರುಗುಟ್ಟಿ ನೋಡಿದರು. ಯಾರೋ ಅವಸರದಲ್ಲಿ ಒಂದು ಹಾಡು ಎತ್ತಿಕೊಟ್ಟರು, ಡೋಲಕ್ಕು ಶುರುವಾಯಿತು. ದುರ್ಗಮ್ಮ ತನ್ನ ಜಾಗಕ್ಕೆ ಬಂದು ಕೂತಾಗ ಪಕ್ಕದವಳು ಸೀರೆಯ ನೆರಿಗೆ ಒಟ್ಟುಮಾಡಿಕೊಂಡು ಒಂದಿಷ್ಟು ಆಚೆ ಸರಿದಳು.

ಊಟದ ಹೊತ್ತಿಗೆ ಅವಳು ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿನ ಕಡೆ ಹೊರಟಳು. ಶಾಮಿಯಾನದ ಹೊರಗೆ ಹೆಂಡತಿಯನ್ನು ಕಾಯುತ್ತ ಬೈಕಿಗೆ ಒರಗಿ ನಿಂತಿದ್ದ ಒಬ್ಬ ಗಂಡಸು ಅಡ್ಡ ಬಂದ. ನಲವತ್ತರ ಆಸುಪಾಸು, ಗದ್ದೆ ಕೆಲಸದ ಕೈ.

“ನಾನು ಹೊಸಬಾಳೆ ಮಲ್ಲೇಶಪ್ಪ. ನೀವು ನಮ್ಮೂರಿಗೆ ಬಂದಿದ್ರಿ, ಮನೆಕೂಟಕ್ಕೆ. ಗುರ್ತು ಸಿಕ್ತಾ?”

ಸಿಗಲಿಲ್ಲ.

“ನಮ್ಮವ್ವಂಗೆ ಶುಗರ್. ನಿಮ್ ಮಾತು ಕೇಳ್ಕಂಡು ಬಂದೋಳು ಮಾತ್ರೆ ಬಿಟ್ಲು. ನಮ್ಗೆ ಗೊತ್ತಾಗ್ಲಿಲ್ಲ. ಕಾಲ್ಬೆರಳಿಗೆ ಆದ ಗಾಯ ಮೇಲಕ್ಕೆ ಏರ್ತು. ಕಾಲು ತೆಗ್ದಾರೆ, ಮಂಡಿ ಕೆಳಗೆ.” ಅವನ ದನಿ ಏರಲಿಲ್ಲ. “ಇವತ್ತು ಹೇಳಿದ್ರಲ್ಲ, ಅದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿಮ್ಗೆ?”

ಅವನ ಹೆಂಡತಿ ಬಂದಳು. ಅವನು ಬೈಕ್ ಶುರುಮಾಡಿ ಹೊರಟುಹೋದ. ದುರ್ಗಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕೂತಲ್ಲೇ ಕೂತಿದ್ದಳು. ಶಿಕಾರಿಪುರದ ಬಸ್ಸು ಬಂತು, ಹೋಯಿತು. ನಯನಳ ವಿಷಯದಲ್ಲಿ ಅವಳಿಗೆ ಮಗಳ ಮುಂದೆ ಅಳಲಾದರೂ ಜಾಗವಿತ್ತು. ಇದನ್ನು ಯಾರ ಮುಂದೆ ಇಡುವುದು? ದೇವರ ಮುಂದೆ ಇಡೋಣವೆಂದರೆ, ದೇವರ ಹೆಸರಿನಲ್ಲೇ ಆದ ಕೆಲಸ ಇದು.

ಮನಸ್ಸು ಗಟ್ಟಿಮಾಡಿಕೊಂಡು ಹೊಸಬಾಳೆಗೆ ಹೋಗಲು ಅವಳಿಗೆ ಬಹಳ ದಿನ ಬೇಕಾಯಿತು. ಮಲ್ಲೇಶಪ್ಪ ಮನೆಯಲ್ಲೇ ಇದ್ದ. ನೋಡಿದ, ಬನ್ನಿ ಎನ್ನಲಿಲ್ಲ, ಬಾಗಿಲಿಂದ ಪಕ್ಕಕ್ಕೆ ಸರಿದ. ಒಳಗೆ ಮಂಚದ ಮೇಲೆ ಅವನ ತಾಯಿ ತಾಯಮ್ಮ. ಹೊದಿಕೆಯ ಕೆಳಗೆ ಒಂದು ಕಾಲಿನ ಉಬ್ಬು ಅರ್ಧಕ್ಕೇ ನಿಂತಿತ್ತು.

ಮುದುಕಿಗೆ ತಕ್ಷಣ ಗುರುತು ಸಿಕ್ಕಿತು. “ಅಯ್ಯೋ, ಸಾಕ್ಷಿ ದುರ್ಗಮ್ಮ ಅಲ್ದನೇ? ಬಾರೇ, ಇಲ್ಲಿ ಕೂತ್ಕ!” ಎಂದು ಮಂಚದ ಅಂಚು ತಟ್ಟಿದಳು.

ದುರ್ಗಮ್ಮ ಕೆಳಗೆ ನೆಲದ ಮೇಲೆ ಕೂತಳು. “ನನ್ನಿಂದ ತಪ್ಪಾಯ್ತು ತಾಯಮ್ಮ” ಎಂದಳು.

“ನಿಂದೆಂಥ ತಪ್ಪೇ? ನನ್ ನಂಬಿಕೆ ಸಾಲದಾಯ್ತು. ಕರ್ತ ನಿಂಗೆ ಕೊಟ್ಟ, ನಂಗೆ ಕೊಡ್ಲಿಲ್ಲ. ನನ್ನಲ್ಲೇ ಏನೋ ಕೊರೆ ಇರ್ಬೇಕು.”

ಯಾವ ಪ್ರಶ್ನೆಗೆ ಹೆದರಿ ದುರ್ಗಮ್ಮ ತವರಿಗೆ ಹೋಗುವುದನ್ನು ಬಿಟ್ಟಿದ್ದಳೋ, ಈ ಮುದುಕಿ ಅದೇ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳುತ್ತ ಮಲಗಿದ್ದಳು. ಅವಳು ತಾಯಮ್ಮನ ಕೈ ಹಿಡಿದುಕೊಂಡಳು. “ನನಗೂ ಕೊಡ್ಲಿಲ್ಲ ತಾಯಮ್ಮ. ನನ್ ಮಗಳು ಗುಳಿಗೆ ನುಂಗ್ತಿದ್ಲು. ನಾನು ನಿಮಗೆ ಅದನ್ನ ಹೇಳ್ಲಿಲ್ಲ. ನಿಮ್ ನಂಬಿಕೇಲಿ ಕೊರೆ ಇಲ್ಲ, ನನ್ ಮಾತಲ್ಲಿತ್ತು.”

ತಾಯಮ್ಮ ಕೈ ಬಿಡಿಸಿಕೊಳ್ಳಲಿಲ್ಲ. “ಹಂಗಾದ್ರೆ ನನ್ ಕಾಲು ಸುಮ್ನೆ ಹೋಯ್ತನ?” ಎಂದು ಕೇಳಿದಳು. ಮಗು ಕೇಳಿದ ಹಾಗಿತ್ತು ಆ ದನಿ. ನಂಬಿಕೆಯ ಕೊರೆಯನ್ನು ಅವಳಿಂದ ತೆಗೆದದ್ದು ಉಪಕಾರವೋ, ಉಳಿದಿದ್ದ ಒಂದು ಆಸರೆಯನ್ನೂ ಕಿತ್ತದ್ದೋ ದುರ್ಗಮ್ಮನಿಗೆ ತಿಳಿಯಲಿಲ್ಲ.

ಹೊರಡುವಾಗ ಮಲ್ಲೇಶಪ್ಪ ಅಂಗಳದಲ್ಲಿ ನಿಂತಿದ್ದ. “ಬುಧವಾರ ನರ್ಸಮ್ಮ ಗಾಯ ಕಟ್ಟೋಕೆ ಬರ್ತಾರೆ” ಎಂದ, ಬೇರೆ ಕಡೆ ನೋಡುತ್ತ. “ಅವ್ವ ಒದ್ದಾಡ್ತಾಳೆ. ಹೆಗಲು ಹಿಡ್ಕಳೋಕೆ ಒಬ್ರು ಬೇಕಾಗುತ್ತೆ. ನನ್ ಕೈಲಿ ನೋಡಕಾಗಲ್ಲ.”

ದುರ್ಗಮ್ಮ ಆ ಬುಧವಾರ ಹೋದಳು, ಆಮೇಲಿನ ಬುಧವಾರಗಳಲ್ಲೂ ಹೋದಳು. ಶಿಕಾರಿಪುರದ ಸಭೆಗೂ ಹೋಗುತ್ತಾಳೆ. ಅಕ್ಕನಾಗಮ್ಮ ಈಗ ನಮಸ್ಕಾರವಷ್ಟೇ ಹೇಳಿ ಮುಂದಿನ ಸಾಲಿಗೆ ಹೋಗುತ್ತಾಳೆ. ತೀರ್ಥೇಶ್ ಒಂದು ಭಾನುವಾರ ಪ್ರಸಂಗದ ನಡುವೆ, ಯಾರೂ ಡಾಕ್ಟರನ್ನು ಕೇಳದೆ ಔಷಧಿ ಬಿಡಬಾರದು ಎಂದು ಒಂದೇ ಉಸಿರಿಗೆ ಹೇಳಿ ಮುಂದಿನ ವಚನಕ್ಕೆ ಹೋದ. ನಯನ ಮತ್ತೆ ಬಿದ್ದಿಲ್ಲ. ಅದನ್ನು ಯಾರಾದರೂ ಕೇಳಿದರೆ ದುರ್ಗಮ್ಮ, “ಚಲೋ ಅದಾಳೆ” ಎನ್ನುತ್ತಾಳೆ, ಅದಕ್ಕಿಂತ ಹೆಚ್ಚಿಗೆ ಬೆಳೆಸುವುದಿಲ್ಲ.

ಹೊಸಬಾಳೆಯಲ್ಲಿ ಹಳೆಯ ಪಟ್ಟಿ ಬಿಚ್ಚುವಾಗ ತಾಯಮ್ಮ, “ಕರ್ತನೇ!” ಎಂದು ಚೀರುತ್ತಾಳೆ. ಅವಳ ಹೆಗಲನ್ನು ಎದೆಗೊತ್ತಿ ಹಿಡಿದ ದುರ್ಗಮ್ಮನೂ ಒಳಗೊಳಗೇ ಅದೇ ಹೆಸರು ಕರೆಯುತ್ತಾಳೆ. ನರ್ಸಮ್ಮ ಹೊಸ ಪಟ್ಟಿ ಸುತ್ತಿ ಮುಗಿಸುವವರೆಗೂ ಕೈ ಸಡಿಲಿಸುವುದಿಲ್ಲ. ಆಮೇಲೆ ಮುದುಕಿಯ ಬೆವರು ಒರೆಸಿ, ನೀರು ಕುಡಿಸಿ, ಅಂಗೈಯಲ್ಲಿ ಶುಗರಿನ ಮಾತ್ರೆ ಇಟ್ಟು, ಅವಳು ನುಂಗುವುದನ್ನು ನೋಡಿಕೊಂಡು ಬಸ್ಸಿಗೆ ಹೊರಡುತ್ತಾಳೆ.